ಧಣಿಯ ಹೊಲ ಬಿಟ್ಟ ಮೇಲೆ

ರಾಯಚೂರು ಸೀಮೆಗೆ ಸ್ವಾತಂತ್ರ್ಯ ಬಂದದ್ದು ಹದಿಮೂರು ತಿಂಗಳು ತಡವಾಗಿ. ನಿಜಾಮರ ಸಂಸ್ಥಾನ ಶರಣಾದ 1948ರ ಸೆಪ್ಟೆಂಬರ್ 17 ಇಲ್ಲಿನವರಿಗೆ ವಿಮೋಚನೆಯ ದಿನ. ಪ್ರತಿ ವರ್ಷ ಅಂದು ಜಿಲ್ಲಾ ಕೇಂದ್ರದಲ್ಲಿ ಧ್ವಜ ಏರುತ್ತದೆ, ಹೋರಾಟಗಾರರ ನೆನಪಾಗುತ್ತದೆ. ಆದರೆ ಇದೇ ಜಿಲ್ಲೆಯ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಎಷ್ಟೋ ಮನೆಗಳ ಪಾಲಿಗೆ ವಿಮೋಚನೆಯ ತಾರೀಖು ಬೇರೆಯೇ ಇದೆ. ಅದು 1975ರ ಅಕ್ಟೋಬರ್ 25. ಜೀತ ಇನ್ನು ಮುಂದೆ ಅಪರಾಧ ಎಂದು ದೇಶದ ಕಾನೂನು ಸಾರಿದ್ದು ಅಂದಿನಿಂದ. ಸುಗ್ರೀವಾಜ್ಞೆಯಾಗಿ ಬಂದದ್ದು 1976ರ ಫೆಬ್ರವರಿಯಲ್ಲಿ ಕಾಯ್ದೆಯಾಯಿತು. ಅರ್ಧ ಶತಮಾನವೇ ಆಯಿತು, ಆ ದಿನಕ್ಕೆ ಬ್ಯಾಂಡಿಲ್ಲ, ಮೆರವಣಿಗೆಯಿಲ್ಲ.

ಜೀತವೆಂದರೆ ಕಾಲಿಗೆ ಸರಪಳಿ ಎಂದುಕೊಂಡವರಿಗೆ ಇಲ್ಲಿನ ಜೀತ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ಅದು ಯುಗಾದಿಯಿಂದ ಯುಗಾದಿಗೆ ನಡೆಯುವ ಲೆಕ್ಕ. ಮಗಳ ಮದುವೆಗೋ, ಆಸ್ಪತ್ರೆಗೋ, ಕುಸಿದ ಗೋಡೆ ಎತ್ತಲಿಕ್ಕೋ ಧಣಿಯ ಹತ್ತಿರ ಸಾಲ ತರುತ್ತಾರೆ. ತೀರಿಸುವವರೆಗೆ ದುಡಿಮೆ. ಬೆಳಗಿನ ಜಾವ ಸೆಗಣಿ ಬಾಚಬೇಕು, ದನಕ್ಕೆ ನೀರು ತೋರಿಸಬೇಕು, ಗಳೆ ಹೊಡೆಯಬೇಕು, ಕಾಲುವೆಗೆ ನೀರು ಬಿಟ್ಟ ರಾತ್ರಿ ಗದ್ದೆಯಲ್ಲೇ ಎಚ್ಚರ ಇರಬೇಕು. ಜ್ವರ ಬಂದು ಮಲಗಿದರೆ ಅದು ನಾಗಾ. ನಾಗಾ ಆದ ದಿನದ ಕೂಲಿ ಸಾಲಕ್ಕೆ ಕೂಡುತ್ತದೆ. ಯುಗಾದಿಗೆ ಲೆಕ್ಕ ಮಾಡಿದಾಗ ಸಾಲ ಇಳಿದಿರುವುದಿಲ್ಲ, ಏರಿರುತ್ತದೆ. ಲೆಕ್ಕದ ಪುಸ್ತಕ ಧಣಿಯ ಮನೆಯಲ್ಲಿರುತ್ತದೆ, ದುಡಿದವನಿಗೆ ಅದನ್ನು ಓದಲು ಬರುವುದಿಲ್ಲ. ಅಪ್ಪನ ಬೆನ್ನಿಗೆ ಮಗ ದನ ಕಾಯಲು ಹೋಗುತ್ತಾನೆ. ಹೀಗೆ ದುಡಿದವರಲ್ಲಿ ಹೆಚ್ಚಿನವರು ದಲಿತರು.

1976ರ ಆ ಕಾಯ್ದೆ ಎಷ್ಟು ಗಟ್ಟಿಯಾದದ್ದು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ದೇಶದ ನಾನಾ ಭಾಗಗಳಲ್ಲಿ ಈ ದುಡಿಮೆಗಿದ್ದ ಹೆಸರುಗಳ ಉದ್ದನೆಯ ಪಟ್ಟಿ ಅದರಲ್ಲಿದೆ. ಜೀತ, ಹೊಲ್ಯ, ಪಾಲೇರು, ವೆಟ್ಟಿ ಎಲ್ಲವೂ ಅಲ್ಲಿವೆ. ನಿಜಾಮರ ಸೀಮೆಯ ಭಗೇಲಾ ಕೂಡ ಇದೆ. ಹೆಸರು ಯಾವುದೇ ಇರಲಿ, ಸಾಲಕ್ಕೆ ದುಡಿಸಿಕೊಳ್ಳುವ ಕರಾರು ಅಂದಿಗೇ ರದ್ದಾಯಿತು. ಸಾಲವೂ ಮನ್ನಾ ಆಯಿತು. ಧಣಿಗೆ ಸರ್ಕಾರ ಒಂದು ಪೈಸೆ ಪರಿಹಾರ ಕೊಡಲಿಲ್ಲ. ಬಿಡುಗಡೆಯಾದವನನ್ನು ಅವನಿದ್ದ ಗುಡಿಸಲಿನಿಂದ ಎಬ್ಬಿಸುವಂತಿಲ್ಲ. ಕೊಟ್ಟದ್ದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಸಾಲ ಕೊಟ್ಟವನದೇ.

ಬ್ರಿಟನ್ನಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸಿದ ಆ ದೇಶ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟದ್ದು ಗುಲಾಮರ ಒಡೆಯರಿಗೆ. ದುಡಿದು ಸವೆದವರಿಗೆ ಏನೂ ಸಿಗಲಿಲ್ಲ, ಬದಲಿಗೆ ಇನ್ನೂ ಕೆಲವು ವರ್ಷ ಅದೇ ಒಡೆಯರ ತೋಟದಲ್ಲಿ ದುಡಿಯಬೇಕಾಯಿತು. ಅಮೆರಿಕದಲ್ಲಿ 1865ರ ಜನವರಿಯಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆಯವರೆಗೆ ಭೂಮಿ ಹಂಚಲು ಸೇನಾಧಿಕಾರಿ ಶೆರ್ಮನ್ ಆದೇಶ ಹೊರಡಿಸಿದ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದ. ಬಿಡುಗಡೆಯಾದವರು ಪಾಲಿಗೆ ಹೊಲ ಮಾಡಿ, ಸಾಲಕ್ಕೆ ಬಿದ್ದು, ಮತ್ತೆ ಅದೇ ಹತ್ತಿ ಹೊಲಗಳಿಗೆ ಬಂದರು.

ನಮ್ಮ ಕಾನೂನು ಒಡೆಯರ ಕೈಗೆ ದುಡ್ಡು ಕೊಡಲಿಲ್ಲ, ಸರಿ. ಬಿಡುಗಡೆಯಾದವರ ಕೈಗೆ ಭೂಮಿಯನ್ನೂ ಕೊಡಲಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾನೂನು ಕೈ ಹಿಡಿದದ್ದು ಗೇಣಿದಾರನನ್ನು. ಜೀತದವನು ಗೇಣಿದಾರನಾಗಿರಲಿಲ್ಲ. ಆ ಹೊಲವನ್ನು ಮೂವತ್ತು ವರ್ಷ ಉತ್ತಿದ್ದರೂ ಪಹಣಿಯ ಯಾವ ಕಲಮಿನಲ್ಲೂ ಅವನ ಹೆಸರಿರಲಿಲ್ಲ. ಉಳುವವನೇ ಹೊಲದೊಡೆಯ ಎಂದು ಊರೆಲ್ಲ ಕೂಗುವಾಗ ನಿಜವಾಗಿ ನೇಗಿಲು ಹಿಡಿದವನು ಹೊರಗೇ ಉಳಿದ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂತು, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯದು ಬಂತು. ನೀರು ಹರಿದದ್ದು ಹೊಲ ಇದ್ದವರ ಹೊಲಕ್ಕೆ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಎರಡು ನದಿಗಳ ನಡುವಿನ ಈ ನಾಡಿನ ದೇವದುರ್ಗ ಅದರಲ್ಲಿತ್ತು.

ದಾಖಲೆಯಲ್ಲಿ ಹೆಸರಿಲ್ಲದವರ ಇದೇ ಕಥೆ ದೇವದಾಸಿಯರದೂ. ಮುಂಬಯಿ ಪ್ರಾಂತ್ಯದ 1934ರ ಕಾಯ್ದೆಯಾಗಲಿ, ಮದ್ರಾಸಿನ 1947ರ ಕಾಯ್ದೆಯಾಗಲಿ ನಿಜಾಮರ ರಾಯಚೂರಿಗೆ ತಾಗಲಿಲ್ಲ. ಕರ್ನಾಟಕ 1982ರಲ್ಲಿ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಲಾಯಿತು. ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಪಿಂಚಣಿಯೂ ಸಿಗಲಿಲ್ಲ.

ಇನ್ನು ಕಚೇರಿಯ ದಾರಿ. ಜೀತದಿಂದ ಹೊರಬಂದವನಿಗೆ ಬೇಕಾದ ಮೊದಲ ಕಾಗದ ಬಿಡುಗಡೆ ಪತ್ರ. ಅದಿಲ್ಲದೆ ಪುನರ್ವಸತಿ ಇಲ್ಲ. 2016ರ ಯೋಜನೆಯ ಪ್ರಕಾರ ಗಂಡಸಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಇದೆ. ಆದರೆ ವಿಚಾರಣೆಗೆ ಬಂದ ಅಧಿಕಾರಿ ಊರ ಕಟ್ಟೆಯ ಮುಂದೆ, ಎಲ್ಲರೂ ನೋಡುತ್ತಿರುವಾಗ ಕೇಳುತ್ತಾರೆ: "ಏನಪಾ, ನಿನ್ನ ಜೀತಕ್ಕ ಇಟ್ಕಂಡಾರೇನು?" ಪಕ್ಕದಲ್ಲೇ ಧಣಿಯ ಮಗ ನಿಂತಿರುತ್ತಾನೆ. "ಇಲ್ರೀ, ಧಣೇರು ಚೊಲೊ ನೋಡ್ಕಂತಾರ್ರಿ." ವರದಿಗೆ ಅಷ್ಟು ಸಾಕು. ನಾಳೆ ಬೆಳಿಗ್ಗೆ ಜೋಳದ ಹಿಟ್ಟು ತರಲು ಅದೇ ಮನೆಗೆ ಹೋಗಬೇಕಾದವನಿಂದ ಬೇರೆ ಯಾವ ಉತ್ತರ ಬರಲು ಸಾಧ್ಯ? ಅವನನ್ನು ಒಂಟಿಯಾಗಿ ಕೂರಿಸಿ ಕೇಳದ ವಿಚಾರಣೆಯನ್ನು ವಿಚಾರಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಮಟ್ಟಿಗೆ ಬಿಡುಗಡೆಯ ಅರ್ಥ ಇರುವುದು ಈ ನಾಳೆ ಬೆಳಿಗ್ಗೆಯಲ್ಲೇ. ಧಣಿಯ ಹೊಲಕ್ಕೆ ಬರುವುದಿಲ್ಲ ಎಂದವನಿಗೆ ಹೋಗಲು ಇನ್ನೊಂದು ಜಾಗ ಇರಬೇಕು. ಅದನ್ನು ಕಟ್ಟಿಕೊಳ್ಳಲು ಹೊರಟವರು ಈ ಜಿಲ್ಲೆಯಲ್ಲೇ ಇದ್ದಾರೆ. ಮಾನ್ವಿ ತಾಲ್ಲೂಕಿನ ಪೋತ್ನಾಳದ ಜಾಗೃತ ಮಹಿಳಾ ಸಂಘಟನೆ ಹೊಲಗೂಲಿಗೆ ಹೋಗುವ ದಲಿತ ಹೆಂಗಸರದು. ಊರೂರಲ್ಲಿ ಸಂಘ ಕಟ್ಟಿ ಉಳಿತಾಯ ಮಾಡಿದರು. ಕಷ್ಟಕ್ಕೆ ಸಂಘದಲ್ಲೇ ದುಡ್ಡು ಸಿಕ್ಕಿದಾಗ ಧಣಿಯ ಜಗುಲಿಗೆ ಹೋಗುವ ಕಾಲು ಅಷ್ಟರಮಟ್ಟಿಗೆ ನಿಂತಿತು. ಬೇವಿನಿಂದ ಗೊಬ್ಬರ ಮಾಡಿದರು, ಸುಟ್ಟ ಮಣ್ಣಿನ ಮಣಿ, ಓಲೆ ಮಾಡಿ ಮಾರಿದರು. ದುಡಿಯುವ ಮಕ್ಕಳನ್ನು ಬಿಡಿಸಿ ತಂದು ಕಲಿಸಲು 'ಚಿಲಿಪಿಲಿ' ಶಾಲೆ ನಡೆಸಿದರು.

ಅಂಥ ಇನ್ನೊಂದು ಜಾಗ ಉದ್ಯೋಗ ಖಾತ್ರಿಯ ಕೆಲಸವೂ ಆಗಿತ್ತು. 2006ರ ಫೆಬ್ರವರಿಯಲ್ಲಿ ಅದು ಶುರುವಾದಾಗ ಮೊದಲ ಹಂತದಲ್ಲಿ ರಾಜ್ಯದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಅದರ ನಮೂನೆ 6 ಎಂಬ ಕೆಲಸದ ಅರ್ಜಿ ಒಂದೇ ಹಾಳೆ. ತುಂಬಿ ಪಂಚಾಯಿತಿಗೆ ಕೊಟ್ಟು ತಾರೀಖು ಹಾಕಿದ ರಸೀದಿ ಪಡೆದರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ರಸೀದಿ ಕೊಡಲು ಒಪ್ಪದ ಪಂಚಾಯಿತಿಗಳು ಎಷ್ಟೋ. ಆ ಚೀಟಿಗಾಗಿ ಕೂಲಿಕಾರ ಸಂಘಟನೆಗಳು ಧರಣಿ ಕೂರಬೇಕಾಯಿತು. ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ, ಅದೂ ಖಾತೆಗೆ ಜಮಾ. ಹೂಳೆತ್ತುವ ಕೆಲಸ ಊರ ಕೆರೆಯಲ್ಲಿದೆ ಎಂದಾದರೆ ನಾಟಿಯ ಹೊತ್ತಿನಲ್ಲಿ ಧಣಿಯೂ ಕೂಲಿಯ ಚೌಕಾಸಿಗೆ ಇಳಿಯಲೇಬೇಕಾಗುತ್ತಿತ್ತು.

ಕೆಲಸ ಸಿಗದ ವರ್ಷ ಗುಳೆ. ಮುಂಗಡ ಕೊಟ್ಟು ಗಂಡ ಹೆಂಡತಿಯನ್ನು ಜೋಡಿಯಾಗಿ ಇಟ್ಟಿಗೆ ಭಟ್ಟಿಗೋ ಕಬ್ಬಿನ ಗದ್ದೆಗೋ ಒಯ್ಯುತ್ತಾರೆ. ಮುಂಗಡ ತೀರುವವರೆಗೆ ಊರಿಗೆ ಬರುವಂತಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಟಂಟಂಗಳಲ್ಲಿ ಶಾಲೆಯ ಮಕ್ಕಳನ್ನು ತುಂಬುತ್ತಾರೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು. ಆ ತೀರ್ಪಿನ ಕಣ್ಣಿನಿಂದ ನೋಡಿದರೆ ಜೀತಕ್ಕೆ ಧಣಿಯ ಕೊಟ್ಟಿಗೆಯೇ ಬೇಕಿಲ್ಲ, ಬೆಂಗಳೂರಿನ ಹೊರವಲಯದ ಭಟ್ಟಿಯೂ ಆದೀತು.

ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕೆಂದು 1976ರ ಕಾಯ್ದೆಯೇ ಹೇಳಿದೆ. ಆ ಸಮಿತಿ ಕಚೇರಿಯಲ್ಲಿ ಕೂತು ದೂರು ಬರಲೆಂದು ಕಾಯಬಾರದು. ಜೀತದ ಲೆಕ್ಕ ಹೊಸದಾಗುವುದು ಯುಗಾದಿಗೆ, ಗುಳೆಯ ಮುಂಗಡ ಕೈ ಬದಲಾಗುವುದು ದಸರೆಯ ಆಸುಪಾಸಿಗೆ. ಈ ಎರಡು ಹಬ್ಬಗಳಿಗೆ ಹದಿನೈದು ದಿನ ಮುಂಚೆ ಸಮಿತಿಯವರು ದೇವದುರ್ಗ, ಮಾನ್ವಿಯ ಕೇರಿಗಳಿಗೆ ಹೋಗಲಿ. ಜೊತೆಗೆ ಸಂಘದ ಹೆಂಗಸರಿರಲಿ. ಖಾಲಿ ಬಿಡುಗಡೆ ಪತ್ರಗಳೂ ಕೆಲಸದ ಅರ್ಜಿಗಳೂ ಒಂದೇ ಚೀಲದಲ್ಲಿರಲಿ. ಧಣಿಯ ಮಗ ಹತ್ತಿರ ನಿಲ್ಲದಂತೆ ನೋಡಿಕೊಂಡು ದುಡಿಯುವವರನ್ನು ಮತ್ತೊಮ್ಮೆ ಕೇಳಲಿ.