ಕಂಪನಿಯ ಗೋಡೆಯ ಚಿತ್ರಗಳು

ವ್ಯಾಪಾರ ಮಾಡುವ ಕಂಪನಿಗೆ ಚಿತ್ರಗಳೇತಕ್ಕೆ ಎಂದು ನಮ್ಮೂರ ಹಿರಿಯರು ಕೇಳಿಯಾರು. ಏರ್ ಇಂಡಿಯಾ ಸಂಸ್ಥೆಯು 1956ರಲ್ಲಿ ಬಿ. ಪ್ರಭಾ ಎಂಬ ಕಲಾವಿದೆಯ ಆರು ಚಿತ್ರಗಳನ್ನು ತಲಾ 87.50 ರೂಪಾಯಿಗೆ ಕೊಂಡಿತು. ಮುಂದೆ ಹುಸೇನ್, ಗಾಯ್ತೊಂಡೆ ಮೊದಲಾದವರ ಕೃತಿಗಳೂ ಸೇರಿ ಅದೊಂದು ಭಂಡಾರವೇ ಆಯಿತು. 1967ರಲ್ಲಿ ಸ್ಪೇನ್ ದೇಶದ ಸಾಲ್ವಡೋರ್ ಡಾಲಿಯವರು ಈ ಸಂಸ್ಥೆಗೆ ಪಿಂಗಾಣಿಯ ಬೂದಿಬಟ್ಟಲೊಂದನ್ನು ರಚಿಸಿಕೊಟ್ಟರು. ಅದರಲ್ಲಿ ಹಂಸವನ್ನು ತಲೆಕೆಳಗಾಗಿಸಿದರೆ ಆನೆಯ ಮುಖ! ಪ್ರತಿಫಲವಾಗಿ ಆನೆಮರಿಯನ್ನೇ ಕೇಳಿದರು. ಬೆಂಗಳೂರಿನಿಂದ ಮರಿ ವಿಮಾನವೇರಿತು. (ಮರಿಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.)

ಇಂಥ ಸಂಗ್ರಹದಿಂದ ಪ್ರದರ್ಶನಕ್ಕೆ ಕೃತಿಯನ್ನು ಎರವು ಕೊಡುವಾಗ ಬಿರುಕು, ಕಲೆಗಳನ್ನೆಲ್ಲ ಬರೆದಿಟ್ಟು, ಫೋಟೋ ತೆಗೆದು, ವಿಮೆ ಇಳಿಸಿ ಕಳುಹಿಸುವುದು ಪದ್ಧತಿ. ಮರಳಿದಾಗ ಅದೇ ಪಟ್ಟಿಯೊಡನೆ ತಾಳೆ ನೋಡುವರು. ಪಟ್ಟಿ ಸಡಿಲವಾದರೆ ಕೃತಿಯೇ ಕೈತಪ್ಪುವುದು. ಕಾಣೆಯಾಗಿದ್ದ ಜತಿನ್ ದಾಸರ ಚಿತ್ರವೊಂದು ಏರ್ ಇಂಡಿಯಾಕ್ಕೆ ಮರಳಿ ಬಂದುದು 2017ರಲ್ಲಿ. 2022ರಲ್ಲಿ ವಿಮಾನಗಳು ಟಾಟಾ ಪಾಲಾದರೂ ಚಿತ್ರಗಳು ಸರ್ಕಾರದಲ್ಲಿಯೇ ಉಳಿದು, 2023ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸಂದವು.

ನಮ್ಮ ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಾಕುತ್ತಾರೆ. ಆ ಗೊಂಬೆಗಳೂ ಊರೂರಿನ ಪ್ರದರ್ಶನಗಳಿಗೆ ಹೋಗುತ್ತವೆ. ಆದರೆ ಪ್ರಭಾ ಅವರ ಹೆಸರಿನಂತೆ ಕೆತ್ತಿದವರ ಹೆಸರನ್ನು ಗೊಂಬೆಯ ಅಡಿಯಲ್ಲಿ ಬರೆದುದನ್ನು ನಾನಿನ್ನೂ ಕಂಡಿಲ್ಲ.