ಪಾಣಿಪತ್‌ನ ಸೋಲು, ಹೈದರನ ಏಳಿಗೆ

1760ರ ಆಗಸ್ಟ್ ತಿಂಗಳ ಒಂದು ರಾತ್ರಿ ಹೈದರ್ ಅಲಿ ಮನೆಮಂದಿಯನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು, ತುಂಬಿದ ಕಾವೇರಿ ದಾಟಿ ಬೆಂಗಳೂರಿಗೆ ಓಡಿದ. ಅವನೇ ಮೇಲೆ ತಂದಿದ್ದ ಖಂಡೇರಾಯ ಮೈಸೂರು ಅರಮನೆಯ ಪಕ್ಷ ಹಿಡಿದು ತಿರುಗಿಬಿದ್ದಿದ್ದ. ಖಂಡೇರಾಯನ ಬೆನ್ನಿಗೆ ವಿಸಾಜಿ ಪಂತನ ಮರಾಠಾ ದಂಡಿತ್ತು. ಹೈದರನ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಅದು ಮುಂದುವರಿದದ್ದರ ಗುಟ್ಟು ಹುಡುಕಲು ಯಮುನೆಯ ಬಯಲಿಗೇ ಹೋಗಬೇಕು.

ಅದೇ ವರ್ಷದ ಆರಂಭದಲ್ಲಿ ಬೀದರ್ ಸೀಮೆಯ ಆಚೆಗಿನ ಉದಗೀರಿನಲ್ಲಿ ನಿಜಾಮನನ್ನು ಸೋಲಿಸಿದ್ದ ಮರಾಠಾ ಸೇನಾನಿ ಸದಾಶಿವರಾವ್ ಭಾವೂ, ಅಫ್ಘನ್ ದೊರೆ ಅಹ್ಮದ್ ಶಾ ಅಬ್ದಾಲಿಯನ್ನು ತಡೆಯಲು ಉತ್ತರಕ್ಕೆ ಹೊರಟ. ದಿಲ್ಲಿಗೆ ಸುಮಾರು 90 ಕಿ.ಮೀ. ಉತ್ತರದ ಪಾಣಿಪತ್‌ನಲ್ಲಿ ಎರಡೂ ಸೈನ್ಯಗಳು ಎದುರುಬದುರಾದವು. 1526ರಲ್ಲಿ ಬಾಬರ್, 1556ರಲ್ಲಿ ಅಕ್ಬರನ ಪಡೆ ಗೆದ್ದದ್ದೂ ಅಲ್ಲಿಯೇ. ಪಂಜಾಬಿನಿಂದ ದಿಲ್ಲಿಗೆ ಇಳಿಯುವ ಹೆದ್ದಾರಿ ಆ ಊರಿನ ಮೇಲೇ ಹಾಯುತ್ತಿತ್ತು. ಸುತ್ತಲೂ ಕುದುರೆಪಡೆ ಓಡಾಡಬಲ್ಲ ಬಯಲು.

ಈ ಬಾರಿ ಮೊದಲು ಸೋತದ್ದು ಹೊಟ್ಟೆ. ಸೈನಿಕರ ಜೊತೆ ಹೆಂಗಸರು, ಮಕ್ಕಳು, ಯಾತ್ರಿಕರೂ ಇದ್ದ ಮರಾಠಾ ಪಾಳೆಯಕ್ಕೆ ಅಬ್ದಾಲಿ ದವಸ, ಮೇವು ಬರುವ ದಾರಿಗಳನ್ನು ಮುಚ್ಚಿದ. ಎರಡು ತಿಂಗಳಿಗೂ ಮೇಲೆ ನಡೆದದ್ದು ಹಸಿವಿನ ಯುದ್ಧ. 1761ರ ಜನವರಿ 14ರಂದು ಹಸಿದ ಸೈನ್ಯ ಹೊರಬಿದ್ದು ಕಾದಿತು. ಸಂಜೆಯಾಗುವಷ್ಟರಲ್ಲಿ ಭಾವೂ ಇರಲಿಲ್ಲ, ಪೇಶ್ವೆಯ ಹಿರಿಮಗ ವಿಶ್ವಾಸರಾವ್ ಇರಲಿಲ್ಲ. ಮಗನನ್ನು ಕಳೆದುಕೊಂಡ ಪೇಶ್ವೆ ನಾನಾಸಾಹೇಬ ಜೂನ್‌ನಲ್ಲಿ ತೀರಿಕೊಂಡ.

ಗೆದ್ದ ಅಬ್ದಾಲಿ ಕೆಲವೇ ತಿಂಗಳಲ್ಲಿ ತನ್ನ ನಾಡಿಗೆ ಮರಳಿದ. ಲಾಭ ಬೇರೆಯವರದಾಯಿತು.

ಮೈಸೂರಿನಲ್ಲಿ ವಿಸಾಜಿ ಪಂತ ಹೈದರನ ಹಣಕ್ಕೆ ಒಪ್ಪಿ ಆಗಲೇ ಜಾಗ ಖಾಲಿ ಮಾಡಿದ್ದ. ಅವನನ್ನು ಮತ್ತೆ ಕಳಿಸುವ ಶಕ್ತಿ ಪುಣೆಗೆ ಉಳಿದಿರಲಿಲ್ಲ. ಒಂಟಿಯಾದ ಖಂಡೇರಾಯ ಸೋತು ಬೆಂಗಳೂರಿನಲ್ಲಿ ಕಬ್ಬಿಣದ ಪಂಜರ ಸೇರಿದ. 1761ರ ನಡುವಿಗೆ ಮೈಸೂರಿನ ಅಧಿಕಾರ ಹೈದರನ ಕೈಲಿತ್ತು. ಅದೇ ವರ್ಷ ಶಿರಾ, 1763ರಲ್ಲಿ ಕೆಳದಿ ಅರಸರ ಬಿದನೂರು ಅವನಿಗೆ ದಕ್ಕಿದವು. ಬಿದನೂರಿನ ಬೊಕ್ಕಸ ಅವನ ಸೈನ್ಯಕ್ಕೆ ಸಂಬಳವಾಯಿತು. ಪೂರ್ವದಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೂ ಹೀಗೇ ದಾರಿ ಸಲೀಸಾಯಿತು: ಪಾಣಿಪತ್‌ನಲ್ಲಿ ಅಬ್ದಾಲಿಯ ಜೊತೆಗಿದ್ದ ಅವಧದ ನವಾಬ ಶುಜಾ ಉದ್ ದೌಲ 1764ರಲ್ಲಿ ಬಕ್ಸರ್‌ನಲ್ಲಿ ಇಂಗ್ಲಿಷರಿಗೆ ಸೋತಾಗ, ಅವನ ನೆರವಿಗೆ ಬರುವ ದೊಡ್ಡ ಶಕ್ತಿಯೇ ಉತ್ತರದಲ್ಲಿರಲಿಲ್ಲ.

ಮರಾಠರೇನೋ ಚೇತರಿಸಿಕೊಂಡರು. ಯುವಕ ಪೇಶ್ವೆ ಮಾಧವರಾವ್ ಹೈದರನನ್ನು ಮತ್ತೆ ಮತ್ತೆ ಮಣಿಸಿದ. 1771ರಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಮೈಸೂರು ಸೈನ್ಯ ದಿಕ್ಕಾಪಾಲಾಯಿತು. ಆದರೆ ಮರುವರ್ಷವೇ ಕ್ಷಯ ಆ ಪೇಶ್ವೆಯನ್ನು ಕೊಂಡೊಯ್ದಿತು. ಅಷ್ಟರೊಳಗೆ ಕಿತ್ತುಹಾಕಲಾಗದಷ್ಟು ಆಳಕ್ಕೆ ಬೇರು ಬಿಟ್ಟಿದ್ದ ಹೈದರ್, 1780ರಲ್ಲಿ ಮಗ ಟಿಪ್ಪುವಿನೊಡನೆ ಪೊಳ್ಳಿಲೂರಿನಲ್ಲಿ ಕಂಪನಿಯ ಸೈನ್ಯವನ್ನೇ ನೆಲಕ್ಕೆ ಕೆಡವಿದ. ಅವನು ಗೆದ್ದ ಬಿದನೂರು ಹೈದರ್‌ನಗರವಾಗಿ, ಈಗ ಬರೀ ‘ನಗರ’ವಾಗಿ ಹೊಸನಗರ ತಾಲ್ಲೂಕಿನಲ್ಲಿದೆ.