ಪಂಚಮಿ ಉಂಡಿ ಕೊಳ್ಳುವ ಮುಂಚೆ ಒಂದು ಶೇಂಗಾ ಕಾಳು ಕಚ್ಚಿ ನೋಡಿ

ಶ್ರಾವಣದ ನಾಗರಪಂಚಮಿ ಬಂತೆಂದರೆ ನಮ್ಮ ಕೋಸಗಿಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸಲ ಪಂಚಮಿ ಉಂಡಿ ಮನೆಯಲ್ಲಿ ಕಟ್ಟೋದೋ, ಅಂಗಡಿಯಿಂದ ತರೋದೋ? ನಮ್ಮ ಅಜ್ಜಿಯ ಕಾಲದಲ್ಲಿ ಈ ಮಾತೇ ಇರಲಿಲ್ಲ. ವಾರ ಮುಂಚೆಯೇ ಎಳ್ಳು ಹುರಿದು, ಶೇಂಗಾ ಕುಟ್ಟಿ, ಡಬ್ಬಿ ತುಂಬಿಸಿ ಅಟ್ಟದ ಮೇಲೆ ಇಡುತ್ತಿದ್ದಳು. ಈಗ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹೊತ್ತಿಗೇ ಪಂಚಮಿ ಬರುತ್ತದೆ. ಕೆಲಸಕ್ಕೆ ಹೋಗಿ ಬಂದ ಹೆಣ್ಣುಮಕ್ಕಳಿಗೆ ರಾತ್ರಿ ಕೂತು ಉಂಡಿ ಕಟ್ಟು ಎಂದರೆ ಯಾರಿಗಾದರೂ ಸಿಟ್ಟು ಬಂದೀತು. ಅಂಗಡಿಯಿಂದ ತಂದರೆ ತಪ್ಪೇನಿಲ್ಲ. ಆದರೆ ನೋಡಿ ತರಬೇಕು. ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಏನೇನು ಸಿಗುತ್ತದೆ ಎಂದು ನೋಡೋಣ. ಕೋಸಗಿ ಸೇರಿದ್ದ ಆದೋನಿ ತಾಲ್ಲೂಕು 1953ರಲ್ಲಿ ಆಂಧ್ರ ರಾಜ್ಯ ಆಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಅತ್ತ ಸಿರುಗುಪ್ಪದಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತಾರೆ: ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ರವೆ ಉಂಡಿ, ತಂಬಿಟ್ಟು. ಜೊತೆಗೆ ಕರ್ಚಿಕಾಯಿ, ಚಕ್ಕುಲಿ. ಇದೇ ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆ. ಕರ್ನಾಟಕದಿಂದಲೂ ಜನ ಬರುತ್ತಾರೆ. ಸಿಹಿಗೆ ಬೇಡಿಕೆ ಒಮ್ಮೆಲೇ ಏರುತ್ತದೆ. ಬೇಡಿಕೆ ಏರಿದಾಗಲೇ ಕಳಪೆ ಮಾಲೂ ಒಳಗೆ ನುಸುಳುತ್ತದೆ.

ಶೇಂಗಾ ಉಂಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶೇಂಗಾವೇ ಇರುವುದರಿಂದ ಪರೀಕ್ಷೆಯೂ ಅಲ್ಲಿಂದಲೇ ಶುರುವಾಗಬೇಕು. ಮುಂಗಾರಿನ ಶೇಂಗಾ ಜೂನ್-ಜುಲೈಯಲ್ಲಿ ಬಿತ್ತಿ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಪಂಚಮಿ ಬರುವುದು ಜುಲೈ ಕೊನೆಗೋ ಆಗಸ್ಟ್‌ನಲ್ಲೋ. ಅಂದರೆ ಆಗ ಅಂಗಡಿಯಲ್ಲಿರುವ ಬೀಜ ಒಂದೋ ತುಂಗಭದ್ರಾ ಕೆಳಮಟ್ಟದ ಕಾಲುವೆಯಂಥ ನೀರಾವರಿ ಇರುವ ಕಡೆಯ ಬೇಸಿಗೆ ಬೆಳೆ, ಇಲ್ಲವೇ ಕಳೆದ ವರ್ಷದ ದಾಸ್ತಾನು. ಬೇಸಿಗೆ ಬೆಳೆಯಾದರೆ ಕೆಲವೇ ತಿಂಗಳ ಹಿಂದಿನ ಮಾಲು. ಹಳೆ ದಾಸ್ತಾನಾದರೆ ಎಂಟು-ಒಂಬತ್ತು ತಿಂಗಳು ಚೀಲದಲ್ಲಿ ಕೂತಿರುತ್ತದೆ. “ಇದು ಬೇಸಿಗೆ ಕಾಯೋ, ಹಳೇದೋ?” ಎಂದು ಕೇಳಿ. ಮಾಲು ಬಲ್ಲ ಅಂಗಡಿಯವರು ತಡವರಿಸದೆ ಹೇಳುತ್ತಾರೆ.

ಹಳೆಯದಾದರೆ ಏನಾಗುತ್ತದೆ? ಎರಡು ಬೇರೆ ಬೇರೆ ತೊಂದರೆಗಳಿವೆ. ಬಹಳ ಮಂದಿ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಕಮಟು. ಬೀಜದೊಳಗಿನ ಎಣ್ಣೆ ಗಾಳಿಗೆ, ಬಿಸಿಗೆ ಕೆಟ್ಟು ವಾಸನೆ ಬರುತ್ತದೆ. ಇದು ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಎರಡನೆಯದು ಅಫ್ಲಾಟಾಕ್ಸಿನ್. ಹಸಿ ಉಳಿದ, ಸರಿಯಾಗಿ ಒಣಗದ ಶೇಂಗಾದ ಮೇಲೆ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಅದು ಬಿಡುವ ವಿಷಕ್ಕೆ ಈ ಹೆಸರು. ಹೆಚ್ಚು ಕಾಲ ಹೊಟ್ಟೆಗೆ ಹೋದರೆ ಪಿತ್ತಜನಕಾಂಗ, ಅಂದರೆ ಲಿವರ್, ಕೆಡುತ್ತದೆ. “ಹುರಿದರೆ ಹೋಗುತ್ತಲ್ಲ?” ಎಂದು ನೀವು ಕೇಳಬಹುದು. ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇದರ ಪ್ರಮಾಣ ತಿಳಿಯಲು ಪ್ರಯೋಗಾಲಯವೇ ಬೇಕು.

ಹಾಗಾದರೆ ನಮ್ಮಂಥವರು ಏನು ಮಾಡಬೇಕು? ಆರಿಸಿದ ಬೀಜ ಕೇಳಬೇಕು. ಈ ವಿಷ ಹೆಚ್ಚಾಗಿ ಇರುವುದು ಸುಕ್ಕಿದ, ಬಣ್ಣ ಕೆಟ್ಟ, ತೂತು ಬಿದ್ದ ಕಾಳುಗಳಲ್ಲಿ. ಅವನ್ನು ಕೈಯಿಂದ ಆರಿಸಿ ತೆಗೆದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಒಮ್ಮೆ ಒಂದು ಸಣ್ಣ ಅಂಗಡಿಯ ಹಿತ್ತಲಲ್ಲಿ ಇದನ್ನು ನಿಂತು ನೋಡಿದೆ. ಮೊರದ ತುಂಬ ಹುರಿದ ಶೇಂಗಾ. ಒಬ್ಬ ಹೆಂಗಸು ಎರಡೂ ಅಂಗೈಯಿಂದ ತಿಕ್ಕಿ, ಕೇರಿ, ಹೊಟ್ಟು ಹಾರಿಸಿದರು. ಕೆಂಪು ಹೊಟ್ಟು ಹಾರಿಹೋದ ಮೇಲೆ ಬೆಳ್ಳಗೆ ಉಳಿದ ಬೇಳೆಗಳ ನಡುವೆ ಕಂದು, ಕಪ್ಪು ಬೇಳೆಗಳು ಎದ್ದು ಕಂಡವು. ಅವನ್ನು ಒಂದೊಂದಾಗಿ ಹೆಕ್ಕಿ ಪಕ್ಕದ ಬಟ್ಟಲಿಗೆ ಹಾಕಿದರು. ಒಂದು ಮೊರಕ್ಕೆ ಸುಮಾರು ಒಂದು ಹಿಡಿ. “ಇದನ್ನೇನು ಮಾಡ್ತೀರಿ?” ಎಂದೆ. “ತಿಪ್ಪಿಗೆ. ಎಮ್ಮಿಗೂ ಹಾಕಂಗಿಲ್ಲ” ಎಂದರು. ಆ ವರ್ಷದ ಉಂಡಿ ಅಲ್ಲೇ ಕೊಂಡೆ.

ಅದಕ್ಕೂ ಹಿಂದಿನ ವರ್ಷ ಬೇರೊಂದು ಕಡೆ ಮಿರಿಮಿರಿ ಮಿಂಚುವ ಡಬ್ಬಿ ನೋಡಿ ಮೋಸಹೋಗಿದ್ದೆ. ಮನೆಗೆ ತಂದು ಬಾಯಿಗಿಟ್ಟರೆ ಬರೀ ಕಮಟು. ಅದಕ್ಕೇ ಹೇಳುವುದು, ಕೊಳ್ಳುವ ಮುಂಚೆ ಒಂದು ಉಂಡಿ ಮುರಿದು ತಿನ್ನಿ. ಸಾಧ್ಯವಾದರೆ ಹಸಿ ಶೇಂಗಾ ಕಾಳೊಂದನ್ನು ಕೇಳಿ ಪಡೆದು ಕಚ್ಚಿ ನೋಡಿ. ಕೊಡಲು ಹಿಂದೆಮುಂದೆ ನೋಡುವ ಅಂಗಡಿ ನಿಮಗೆ ಬೇಡ.

ಇನ್ನು ಬೆಲ್ಲ. ಹಳದಿ ಬೆಲ್ಲ ಚೊಕ್ಕ, ಕಪ್ಪು ಬೆಲ್ಲ ಕೊಳಕು ಎಂಬ ಭ್ರಮೆ ನಮ್ಮಲ್ಲಿ ಗಟ್ಟಿಯಾಗಿದೆ. ಸಾಮಾನ್ಯವಾಗಿ ವಿಷಯ ತಿರುಗುಮುರುಗು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವಾಗ ಕಸರು ಮೇಲೆ ಬರಲು ಹಿಂದೆ ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಈಗ ಹಲವು ಕಡೆ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಿಳುಪುಕಾರಕ, ಬಣ್ಣ ತೆಗೆಯುವ ಪುಡಿ. ಬೆಲ್ಲದಲ್ಲಿ ಉಳಿಯಬಹುದಾದ ಗಂಧಕದ ಅಂಶಕ್ಕೆ ಕಿಲೋಗೆ 70 ಮಿಲಿಗ್ರಾಂ ಎಂಬ ಮಿತಿ ಇದೆ. ಆಲೆಮನೆಯಲ್ಲಿ ಯಾರು ಅಳೆದು ಹಾಕುತ್ತಾರೆ? ಇದರಲ್ಲಿ ಒಂದು ತಮಾಷೆಯೂ ಇದೆ. ಹೈಡ್ರೋಸ್ ಕೊಟ್ಟ ಹಳದಿ ಬಹಳ ದಿನ ನಿಲ್ಲುವುದಿಲ್ಲ, ಇಟ್ಟಲ್ಲೇ ಮತ್ತೆ ಕಪ್ಪಾಗುತ್ತದೆ. ಹಣ ಕೊಟ್ಟಿದ್ದು ಬಣ್ಣಕ್ಕೆ, ಅದೂ ಉಳಿಯಲಿಲ್ಲ.

ಪರೀಕ್ಷೆ ಸುಲಭ. ಒಂದು ಲೋಟ ನೀರಿಗೆ ನಿಂಬೆ ಗಾತ್ರದ ಬೆಲ್ಲ ಹಾಕಿ ಕರಗಿಸಿ. ತಳದಲ್ಲಿ ಬಿಳಿ ಪುಡಿ ಕೂತರೆ ಸೀಮೆಸುಣ್ಣದ ಪುಡಿ ಬೆರೆಸಿರುವ ಗುಮಾನಿ ಪಡಬಹುದು. ಸ್ವಲ್ಪ ಕಬ್ಬಿನ ಸಿಬಿರು, ಮಣ್ಣಿನ ಕಣ ಇದ್ದರೆ ಹೆದರಬೇಡಿ, ಅದು ಆಲೆಮನೆಯದು. ಉಂಡಿಗೆ ಹಾಕಿದ ಬೆಲ್ಲವನ್ನು ಅಂಗಡಿಯಲ್ಲಿ ಪರೀಕ್ಷಿಸಲಾಗದು. ಆದರೆ ಅದೇ ಅಂಗಡಿಯಲ್ಲಿ ಅಚ್ಚು ಬೆಲ್ಲ ಮಾರುತ್ತಿದ್ದರೆ ಕಾಲು ಕಿಲೋ ತಂದು ಮನೆಯಲ್ಲಿ ನೋಡಬಹುದು. ಎಲ್ಲಿಯ ಬೆಲ್ಲ ಎಂದೂ ಕೇಳಿ: ಅನಕಾಪಲ್ಲಿಯದೋ, ಚಿತ್ತೂರಿನದೋ, ಮಂಡ್ಯದ್ದೋ, ಮಹಾಲಿಂಗಪುರದ್ದೋ? ಊರಿನ ಹೆಸರಿಂದಲೇ ಗುಣ ಗೊತ್ತಾಗುವುದಿಲ್ಲ. ಆದರೆ ಎಲ್ಲಿಂದ ತರುತ್ತೇವೆಂದು ಗೊತ್ತಿಲ್ಲದವರು ಏನು ತರುತ್ತೇವೆಂದೂ ನೋಡಿರುವುದಿಲ್ಲ.

ಕರ್ಚಿಕಾಯಿ, ಚಕ್ಕುಲಿಗೆ ಎಣ್ಣೆಯೇ ಮುಖ್ಯ. ಒಮ್ಮೆ ಕಾಸಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಸಿದರೆ ಅದರಲ್ಲಿ ಕೆಟ್ಟ ಪದಾರ್ಥಗಳು ಹುಟ್ಟುತ್ತವೆ. ಅವುಗಳ ಒಟ್ಟು ಅಳತೆಗೆ ಟಿಪಿಸಿ ಎನ್ನುತ್ತಾರೆ. 2018ರ ಜುಲೈ 1ರಿಂದ ಟಿಪಿಸಿ ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ. ಅಳೆಯುವ ಯಂತ್ರ ನಮ್ಮ ಬಳಿ ಇಲ್ಲ, ಕಣ್ಣು-ಮೂಗು ಇದೆ. ಬಾಣಲೆಯ ಎಣ್ಣೆ ಕಪ್ಪಗೆ, ಮಂದವಾಗಿ, ನೊರೆ ಕಟ್ಟಿಕೊಂಡು, ಬೇಗ ಹೊಗೆ ಬಿಡುತ್ತಿದ್ದರೆ ಅಲ್ಲಿಂದ ಹೊರಡಿ. ಚಕ್ಕುಲಿ ಮುಟ್ಟಿದರೆ ಕೈಗೆ ಅಂಟುಜಿಡ್ಡು ಹತ್ತಿದರೂ ಅದೇ ಗುಮಾನಿ. ಯಾವ ಎಣ್ಣೆ ಎಂದೂ ಕೇಳಿ. ಶೇಂಗಾ ಬೆಳೆಯುವ ಸೀಮೆ ನಮ್ಮದು. ಆದರೂ ಸಮುದ್ರ ದಾಟಿ ಬಂದ ಪಾಮ್ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುತ್ತಿದ್ದೇವೆ. ಅದು ಅಗ್ಗ, ಅಷ್ಟೇ ಕಾರಣ.

ಬಣ್ಣದ ಬಗ್ಗೆ ಒಂದೇ ಮಾತು. ಉರಿಯುವ ಹಳದಿ, ಕಿತ್ತಳೆ ಬಣ್ಣದ ಬೂಂದಿ ಲಾಡು ಬೇಡ. ಅನುಮತಿ ಇರುವ ಬಣ್ಣಕ್ಕೂ ಕಿಲೋಗೆ 100 ಮಿಲಿಗ್ರಾಂ ಮಿತಿ. ಮೆಟಾನಿಲ್ ಯೆಲ್ಲೋ ಎಂಬ ಹಳದಿಗಂತೂ ಅನುಮತಿಯೇ ಇಲ್ಲ.

ಈಗ ಅಂಗಡಿಯ ಕಾಗದಪತ್ರ. ಆಹಾರ ಮಾರುವ ಪ್ರತಿ ಅಂಗಡಿಗೂ, ಮನೆಯಲ್ಲೇ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಎಫ್‌ಎಸ್‌ಎಸ್‌ಎಐ ಎಂದರೆ 2006ರ ಕಾಯ್ದೆಯಡಿ ಬಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ. ನೋಂದಣಿ ಸಂಖ್ಯೆ 14 ಅಂಕಿಯದು. 2ರಿಂದ ಶುರುವಾದರೆ ಸಣ್ಣ ವ್ಯಾಪಾರದ ನೋಂದಣಿ, 1ರಿಂದ ಶುರುವಾದರೆ ದೊಡ್ಡವರ ಲೈಸೆನ್ಸ್. ಗೋಡೆಯ ಮೇಲೆ ಕಾಣುವಂತೆ ಇರಬೇಕು. ಹಾಗೆಯೇ 2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿಯ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕು ಎಂಬ ದಿನಾಂಕ ಇಡುವುದು ಕಡ್ಡಾಯ. ನಮ್ಮ ಕಡೆ ಇದನ್ನು ಎಷ್ಟು ಜನ ಇಟ್ಟಿದ್ದಾರೆ, ನೀವೇ ನೋಡಿ. ನಾವು ಕೇಳದಿದ್ದರೆ ಅವರೂ ಇಡುವುದಿಲ್ಲ. ಪಾಕ, ನೀರು ಹಾಕದೆ ಕುಟ್ಟಿ ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ ಹದಿನೈದು ದಿನ ಚೆನ್ನಾಗಿರುತ್ತವೆ. ಹಾಲಿನ ಸಿಹಿ ಎರಡು ದಿನವೂ ಕಷ್ಟ. ಬೇಳೆ ಹೋಳಿಗೆ ಮಾಡಿದ ಮರುದಿನಕ್ಕೆ ಮುಗಿಸಿಬಿಡಿ.

ಸಣ್ಣ ಅಂಗಡಿ ಎಂದ ಮಾತ್ರಕ್ಕೆ ಸಾಚಾ ಎಂದೇನಲ್ಲ. ಆದರೆ ಒಂದು ಅನುಕೂಲ ಇದೆ, ಒಳಗೆ ಇಣುಕಬಹುದು. ಯಾರು ಕಟ್ಟುತ್ತಿದ್ದಾರೆ ನೋಡಿ. ಹಬ್ಬದ ಮುಂಚಿನ ವಾರ ರಾತ್ರಿಯಿಡೀ ಕೆಲಸ ನಡೆಯುತ್ತದೆ. ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಶಾಲೆಯ ಹೊತ್ತು ಮುಗಿದ ಮೇಲೆ ಸ್ವಂತ ಮನೆಯ ಕೆಲಸಕ್ಕೆ ಕೈಜೋಡಿಸಲು ಮಾತ್ರ ಅವಕಾಶ ಇದೆ. ಕೋಸಗಿ ಸೀಮೆಯಲ್ಲಿ ಈ ಮಾತಿಗೆ ಭಾರ ಹೆಚ್ಚು. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಗುಂಟೂರು, ತೆಲಂಗಾಣದ ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಸಂಸಾರ ಸಮೇತ ವಲಸೆ ಹೋಗುತ್ತಾರೆ, ಮಕ್ಕಳ ಶಾಲೆ ತಪ್ಪುತ್ತದೆ. ಊರಲ್ಲೇ ಕೂಲಿ ಸಿಕ್ಕರೆ ಒಂದು ಮನೆಯಾದರೂ ಉಳಿಯುತ್ತದೆ. ಉಂಡಿ ಕಟ್ಟುವ ಹೆಂಗಸರಿಗೆ ದಿನಗೂಲಿಯೋ, ಕಿಲೋ ಲೆಕ್ಕವೋ ಎಂದು ಕೇಳಿದರೆ ಅಂಗಡಿಯವರು ಬೇಸರಿಸುವುದಿಲ್ಲ. ಬೇಸರಿಸಿದರೆ ಅದೂ ಒಂದು ಉತ್ತರವೇ.

ಬೆಲೆ ಎಷ್ಟಿದ್ದರೆ ನ್ಯಾಯ? ನೀವೇ ಲೆಕ್ಕ ಹಾಕಿ. ಉದಾಹರಣೆಗೆ ಶೇಂಗಾ ಬೀಜ ಕಿಲೋಗೆ 130, ಬೆಲ್ಲ 60 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕಿಲೋ ಬೀಜ ಹುರಿದು, ಹೊಟ್ಟು ತೆಗೆದು, ಆರಿಸಿದರೆ ಸುಮಾರು 900 ಗ್ರಾಂ ಉಳಿಯುತ್ತದೆ. ಅದಕ್ಕೆ 600 ಗ್ರಾಂ ಬೆಲ್ಲ. ಒಟ್ಟು ಒಂದೂವರೆ ಕಿಲೋ ಉಂಡಿ, ಸಾಮಾನಿನ ಖರ್ಚೇ 166 ರೂಪಾಯಿ. ಅಂದರೆ ಕಿಲೋಗೆ 110ರಷ್ಟು. ಇದರ ಮೇಲೆ ತುಪ್ಪ, ಏಲಕ್ಕಿ, ಗ್ಯಾಸು, ಕೂಲಿ, ಬಾಡಿಗೆ, ಅವರ ಲಾಭ. ಈ ದರ ಇರುವಾಗ ಯಾರಾದರೂ ಕಿಲೋ 130ಕ್ಕೆ ಕೊಟ್ಟರೆ ಎಲ್ಲೋ ಕೈಬಿಟ್ಟಿದ್ದಾರೆ: ಬೀಜದಲ್ಲೋ, ಕೂಲಿಯಲ್ಲೋ. ಇಂದಿನ ಸಂತೆಯ ದರ ಹಾಕಿ ಇದೇ ಲೆಕ್ಕ ಮಾಡಿ, ನಂತರ ಚೌಕಾಸಿ ಮಾಡಬೇಕೋ ಬೇಡವೋ ತೀರ್ಮಾನಿಸಿ.

ಚೌಕಾಸಿ ಮಾಡಲೇಬೇಕಾದ ಜಾಗ ಬೇರೆ ಇದೆ, ತಕ್ಕಡಿ. ರಟ್ಟಿನ ಡಬ್ಬಿ ಸಮೇತ ತೂಗುವುದು ತೂಕ-ಅಳತೆ ಕಾನೂನಿಗೆ ವಿರುದ್ಧ. ಖಾಲಿ ಡಬ್ಬಿ 80 ಗ್ರಾಂ ಇದ್ದರೆ, ಕಿಲೋ 300ರ ಸಿಹಿಯಲ್ಲಿ 24 ರೂಪಾಯಿ ರಟ್ಟಿಗೆ ಕೊಟ್ಟಂತೆ. ಡಬ್ಬಿ ಇಟ್ಟು ಸೊನ್ನೆ ಮಾಡಿಸಿ, ಆಮೇಲೆ ಉಂಡಿ ಹಾಕಿಸಿ. ಹಳೇ ಪೇಪರಿನಲ್ಲಿ ಕಟ್ಟಿಸಬೇಡಿ. ಮುದ್ರಣದ ಮಸಿ ಜಿಡ್ಡಿಗೆ ಹತ್ತುತ್ತದೆ. 2018ರ ಪ್ಯಾಕಿಂಗ್ ನಿಯಮಗಳಲ್ಲಿ ಅದಕ್ಕೆ ನಿಷೇಧವೂ ಇದೆ.

ಎಲ್ಲಿ ಕೊಳ್ಳಬೇಕು? ಮೊದಲು ನಿಮ್ಮ ಓಣಿಯ ಡ್ವಾಕ್ರಾ ಸಂಘದವರನ್ನು, ಅಂದರೆ ಮಹಿಳಾ ಸ್ವಸಹಾಯ ಸಂಘದವರನ್ನು, ಕೇಳಿ. ಹಬ್ಬಕ್ಕೆ ಉಂಡಿ, ಹಪ್ಪಳ, ರೊಟ್ಟಿ ಮಾಡಿಕೊಡುವ ಹೆಣ್ಣುಮಕ್ಕಳು ಸಂಘಗಳಲ್ಲಿ ಸಿಗುತ್ತಾರೆ. ಇಂಥ ಸಣ್ಣ ಆಹಾರ ಉದ್ಯಮಕ್ಕೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ, ಅಂದರೆ ಆರಂಭದ ಬಂಡವಾಳ ಕೊಡುವ ಏರ್ಪಾಡು ಇತ್ತು; ಈಗಲೂ ಇದೆಯೇ ಎಂದು ವಿಚಾರಿಸಬೇಕು. ನಿಮ್ಮ ಪರಿಚಯದವರು ಯಾರಾದರೂ ಮಾಡುತ್ತಿದ್ದರೆ ಈ ಮಾತು ಮುಟ್ಟಿಸಿ. ಆಮೇಲೆ ಊರಿನ ಅಂಗಡಿ. ಕೊನೆಗೆ ಬೇಕಿದ್ದರೆ ಆದೋನಿ.

ಕೊಂಡದ್ದು ಕೆಟ್ಟಿದ್ದರೆ ಮೊದಲು ಅಂಗಡಿಗೇ ಹೋಗಿ ಹೇಳಿ. ಊರಿನವರು ಬಹುಮಟ್ಟಿಗೆ ಬದಲಿಸಿ ಕೊಡುತ್ತಾರೆ. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915, ಆಹಾರ ಸುರಕ್ಷತೆಯ ದೂರಿಗೆ 1800112100. ಬಿಲ್ಲು ಇಟ್ಟುಕೊಂಡಿರಬೇಕು, ಸಣ್ಣ ಚೀಟಿಯಾದರೂ ಸರಿ.

ಕೊನೆಗೆ ನಮ್ಮ ಕಡೆಯಿಂದ ಆಗಬೇಕಾದ್ದು. ಪಂಚಮಿಗೆ ಹತ್ತು ದಿನ ಮುಂಚೆಯೇ ಎಷ್ಟು ಕಿಲೋ ಬೇಕೆಂದು ಹೇಳಿ, ಅರ್ಧ ಹಣ ಮುಂಗಡ ಕೊಡಿ. ಕೈಯಲ್ಲಿ ನಗದು ಇದ್ದರೆ ಅಂಗಡಿಯವರು ಒಳ್ಳೆ ಬೀಜ ಆರಿಸಿ ತರುತ್ತಾರೆ. ಉದ್ದರಿಗೆ ತಂದರೆ ಸಾಹುಕಾರ ಕೊಟ್ಟಿದ್ದೇ ಮಾಲು. ಹಬ್ಬದ ಹಿಂದಿನ ಸಂಜೆ ಓಡಿಹೋದವರಿಗೆ ಉಳಿದದ್ದು ಸಿಗುತ್ತದೆ. ಹೋಗುವಾಗ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುವುದನ್ನು ಮರೆಯಬೇಡಿ.